ಎಲ್ಡೊರೆಟ್‌ನಲ್ಲಿ ಚಳಿ ಜಾಸ್ತಿ

ಬಂತಾ? ಬಂತಲ್ಲ! ಟಿಂಗ್ ಅಂದದ್ದು ನನಗೂ ಕೇಳಿಸ್ತು. ಒಳಗೆ ಬಾರೇ, ಬಾಗಿಲಲ್ಲಿ ನಿಂತ್ಕೋಬೇಡ, ಹೆಲನ್ ನೆಲ ಒರೆಸ್ತಿದಾಳೆ… ಯೂನಿವರ್ಸಿಟಿ ಸೀಟಿನ ಮೆಸೇಜೇ ತಾನೆ? ಅಬ್ಬಬ್ಬಾ! ಈ ವಿನೋದಿನಿ ಮೊಮ್ಮಗಳಿಗೆ ಸರ್ಕಾರಿ ಸೀಟು! ತಾಳು ತಾಳು, ಸಕ್ಕರೆ ಡಬ್ಬ ಎಲ್ಲಿ… ಹ್ಞಾ, ಬಾಯಿ ತೆಗಿ. ತೆಗಿಯೇ ಜಾಹ್ನವಿ! ಒಳ್ಳೇ ಸುದ್ದಿ ತಂದೋರು ಯಾರಾದ್ರೂ ಹೀಗೆ ತುಟಿ ಹೊಲ್ಕೊಂಡು ನಿಂತ್ಕೋತಾರಾ? …ಸರಿ. ಇನ್ನು ಮೊದಲನೇ ಕೆಲಸ, ಆ ದಪ್ಪ ಸ್ವೆಟರ್ ತೆಗೆದು ಬಿಸಿಲಿಗೆ ಹಾಕೋದು. ಎಲ್ಡೊರೆಟ್‌ನಲ್ಲಿ ಚಳಿ ಜಾಸ್ತಿ, ಬೆಳಗಿನ ಹೊತ್ತಂತೂ ಹಲ್ಲು ಕಟಕಟ ಅನ್ನುತ್ತಂತೆ…

ಏನು?

ಯಾಕೆ ಹಾಗೆ ನೋಡ್ತೀಯ? ಊರಿನ ಹೆಸರು ನೀನು ಹೇಳ್ಲಿಲ್ವಾ? ಹೇಳಿದೆ ಕಣೆ. ಈಗ್ತಾನೆ, ಒಳಗೆ ಬರ್ತಾ… ಹೇಳ್ಲಿಲ್ವಾ? ಹಾಗಾದ್ರೆ ನಿನ್ನ ಮುಖ ಹೇಳಿರಬೇಕು. ಹದಿನೆಂಟು ವರ್ಷದಿಂದ ಓದ್ತಿರೋ ಮುಖ, ಅದರಲ್ಲಿ ಒಂದು ಊರಿನ ಹೆಸರು ಓದೋಕೆ ಆಗಲ್ವಾ ನನಗೆ?

ಕೊಡು ಇಲ್ಲಿ ಫೋನು. ಕನ್ನಡಕ… ತಲೆ ಮೇಲೇ ಇದೆ, ಗೊತ್ತು, ತೋರಿಸ್ಬೇಡ. ಹ್ಞೂಂ. ನೋಡು, ನಾನು ಹೇಳಿದ್ದೇ ಸರಿ! ಎಲ್ಡೊರೆಟ್. ಬಿ.ಎಸ್ಸಿ., ಫಿಶರೀಸ್. ಓಹೋಹೋ! ಮೀನು! ಎಂಥಾ ಆಶ್ಚರ್ಯ! ನಾನಂತೂ ಕನಸು ಮನಸಿನಲ್ಲೂ ಅಂದ್ಕೊಂಡಿರ್ಲಿಲ್ಲ!

…ಜಾಸ್ತಿ ಆಯ್ತಾ?

ಗೊತ್ತಮ್ಮಾ, ನೀನು ಮೊದಲನೇ ಆಯ್ಕೆ ಬರೆದಿದ್ದು ಫಾರ್ಮಸಿ. ಅದೂ ಇದೇ ನೈರೋಬಿಯಲ್ಲಿ, ನಮ್ಮ ನ್ಗಾರಾದಿಂದ ಒಂದು ಮಟಾಟು ವ್ಯಾನು ಹತ್ತಿದ್ರೆ ಕಾಲೇಜು, ಎಲ್ಡೊರೆಟ್ ಥರ ಆರೇಳು ಗಂಟೆ ಬಸ್ಸಿನ ದಾರಿ ಅಲ್ಲ. ಆದರೆ ಸೀಟು ಹಂಚೋದು ಕಂಪ್ಯೂಟರ್ ಕಣೆ. ಅದಕ್ಕೆ ಇಡೀ ದೇಶದ ಮಕ್ಕಳನ್ನ ನೋಡ್ಬೇಕು ಪಾಪ, ನಿನ್ನೊಬ್ಬಳ ಮುಖ ನೋಡ್ಕೊಂಡು ಕೂತ್ಕೊಳ್ಳೋಕಾಗುತ್ತಾ? ನಾನೇ ಎಷ್ಟು ಸಲ ಹೇಳಿದೀನಿ ನಿಂಗೆ, ಸರ್ಕಾರಿ ಯೂನಿವರ್ಸಿಟಿಗೆ ಸಿ ಪ್ಲಸ್ ಬಂದ್ರೆ ಹೊರಗಿನ ಗೇಟು ಮಾತ್ರ ತೆರೆಯುತ್ತೆ ಅಂತ. ಒಳಗೆ ಯಾವ ಕೋಣೆ ಅನ್ನೋದು ಬೇರೆ ಲೆಕ್ಕ. ಫಾರ್ಮಸಿಗೆ ಕೆಮಿಸ್ಟ್ರಿ, ಬಯಾಲಜಿ, ಆಮೇಲೆ ಇನ್ನೆರಡು. ನಾಲ್ಕರ ಅಂಕ ಕೂಡಿಸಿ, ಅದರಲ್ಲಿ ಎಲ್ಲರಿಗಿಂತ ಮುಂದಿರ್ಬೇಕು. ಕಂಪ್ಯೂಟರ್ ನಿನ್ನ ಬಯಾಲಜಿ ನೋಡಿರುತ್ತೆ. ಈ ಹುಡುಗಿ ಮೀನಿಗೋಸ್ಕರವೇ ಹುಟ್ಟಿದೋಳು ಅಂತ ಅದಕ್ಕೂ ಅನ್ನಿಸಿರುತ್ತೆ.

ನಿನ್ನ ಅಂಕ ಫಾರ್ಮಸಿಗೂ ಸಾಕಾಗ್ತಿತ್ತು ಅಂತೀಯಾ? ಸಾಕಾಗ್ತಿತ್ತು… ಇರಬಹುದು. ನನಗೇನು ಗೊತ್ತು!

ಯಾಕೆ ನಗ್ತೀಯ? ಗೊತ್ತಿಲ್ಲ ಅಂದೆ ಅಂತಾನಾ? ಆಯ್ತು, ಗೊತ್ತು. ಐದು ವರ್ಷದ ಕಟಾಫ್ ಬರೆದಿಟ್ಟೋಳು ನಾನೇ. ನೀನು ಹೈಸ್ಕೂಲಿನ ಫಾರ್ಮ್ ಒನ್ನಿಗೆ ಹೋದ ದಿನದಿಂದ ಪ್ರತಿ ಟರ್ಮಿನ ರಿಪೋರ್ಟು ತೂತು ಹೊಡೆದು ಫೈಲಿಗೆ ಹಾಕಿದೋಳೂ ನಾನೇ. ಕೆಲವರ ಮನೇಲಿ ಅಜ್ಜಿ ಜಪ ಮಾಡ್ತಾರೆ, ನಾನು ಪಂಚಿಂಗ್ ಮಷಿನ್ ಒತ್ತುತೀನಿ. ನಿಮ್ಮಪ್ಪ ತಮಾಷೆ ಮಾಡ್ತಾನೆ. ಮಾಡ್ಲಿ! ನಿನ್ನನ್ನ ಇಲ್ಲಿನ ಸರ್ಕಾರಿ ಕೆ.ಸಿ.ಎಸ್.ಇ. ಪರೀಕ್ಷೆಗೆ ಕೂರಿಸ್ತೀವಿ ಅಂದಾಗ ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಮೈಥಿಲಿ ನನ್ನ ಎಲೆಗೆ ಹೋಳಿಗೆ ಬಡಿಸ್ತಾ ಬಡಿಸ್ತಾ ಏನಂದ್ಳು, ನೆನಪಿದೆಯಾ? 'ಅಯ್ಯೋ ವಿನೋದಿನಿ ಆಂಟಿ, ನಮ್ಮೋರ ಮಕ್ಕಳೆಲ್ಲ ಬ್ರಿಟಿಷ್ ಸಿಲಬಸ್‌ನಲ್ಲಿ ಓದ್ತಾರೆ, ನೀವ್ಯಾಕೆ ಮಗೂಗೆ ಸ್ವಾಹಿಲಿ ಕಷ್ಟ ಕೊಡ್ತೀರಿ?' ಹುಟ್ಟಿದ್ದು ಇಲ್ಲಿ, ಪಾಸ್‌ಪೋರ್ಟು ಇಲ್ಲಿಂದು, ಇಲ್ಲಿನ ಪರೀಕ್ಷೆ ಬರೀದೆ ಇನ್ನೇನು ಚಂದ್ರಲೋಕದ್ದು ಬರೀತಾಳಾ ಅಂದೆ. ಹೋಳಿಗೆಗೆ ತುಪ್ಪ ಹಾಕದೇ ಮುಂದಕ್ಕೆ ಹೋದ್ಳು.

ಸ್ವಾಹಿಲಿ ಏನು ಸುಮ್ಮನೆ ಬಂತಾ? ನಿನ್ನ ಜೊತೆ ನಾನೂ ಕೂತು ಗಾದೆ ಉರು ಹೊಡೆದೆ. 'ಸಮಾಕಿ ಮ್‌ಕುಂಜೆ ಅಂಗಾಲಿ ಮ್‌ಬಿಚಿ.' ಮೀನು ಹಸಿ ಇರುವಾಗಲೇ ಬಗ್ಗಿಸು. ನಮ್ಮಲ್ಲಿ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತೀವಲ್ಲ, ಅದೇ. ನಾವು ಗಿಡ ಬಗ್ಗಿಸ್ತೀವಿ, ಇವರು ಮೀನು. ನೀನು ಆಗ ಏನಂದಿದ್ದೆ? ಪುಸ್ತಕ ಮುಚ್ಚಿ, ಮುಖ ಗಂಟು ಹಾಕ್ಕೊಂಡು, 'ಅಜ್ಜಿ, ವೈ ಬೆಂಡ್ ದ ಫಿಶ್? ಲೆಟ್ ಇಟ್ ಸ್ವಿಮ್!' ಅಂದಿದ್ದೆ. ನನಗೆ ಎಷ್ಟು ನಗು ಬಂತು ಅಂದ್ರೆ… 

ಜಾಹ್ನವಿ. ಏನಾದ್ರೂ ಮಾತಾಡು. ನಾನು ಕನ್ನಡದಲ್ಲಿ ಕೇಳಿದ್ರೆ ನೀನು ಇಂಗ್ಲಿಷಲ್ಲಿ ಉತ್ತರ ಕೊಡೋಳು, ಅದಕ್ಕೆ ನಾನು ಬೈಯೋದು. ಇವತ್ತು ಬೈಯೋಣ ಅಂದ್ರೆ ಯಾವ ಭಾಷೇನೂ ಇಲ್ಲ. ಬರೀ ಕಣ್ಣು. ಕಣ್ಣಿಗೆ ನಾನು ಹೇಗೆ ಬೈಯಲಿ?

ಫೋನ್ ಅಲ್ಲಾಡ್ತಿದೆ ನೋಡು. ನಿಮ್ಮಪ್ಪ! ಎತ್ಬೇಡ. ಇನ್ನೂ ಇಂಡಸ್ಟ್ರಿಯಲ್ ಏರಿಯಾ ಜಾಮ್‌ನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡಿರ್ತಾನೆ, ಅಲ್ಲಿಂದ್ಲೇ ಕಿರುಚಿದ್ರೆ ಬಿ.ಪಿ. ಏರುತ್ತೆ. ಮಾತ್ರೆ ಫ್ಯಾಕ್ಟರಿ ಮ್ಯಾನೇಜರು, ಮಗಳು ಫಾರ್ಮಸಿ ಓದ್ತಾಳೆ ಅಂತ ಆಗಲೇ ಆಫೀಸಲ್ಲೆಲ್ಲ ಲಡ್ಡು ಹಂಚಿದಾನೆ. ಕಿಶೋರ ಯಾವಾಗಲೂ ಹಾಗೇ, ಮದುವೆಗೆ ಮೊದಲೇ ನಾಮಕರಣ. ಅವನಿಗೆ ನಾನು ಹೇಳ್ತೀನಿ ಬಿಡು. 'ಕಂಪ್ಯೂಟರ್ ಕೊಟ್ಟಿದ್ದು ಕಣಪ್ಪ, ದೈವೇಚ್ಛೆ' ಅಂತ.

ಮತ್ತೆ ಹಾಗೇ ನೋಡ್ತೀಯಲ್ಲ!

ನಾನು ಒಂದು ಕೇಳ್ತೀನಿ, ನೀನು ಸತ್ಯ ಹೇಳು. ಶಾಲೆಯಲ್ಲಿ ಅರ್ಜಿ ತುಂಬಿಸಿದಾಗ ನೀನು ಮೊದಲು ಬರೆದಿದ್ದೇನು? ಮೀನು. ನಿಮ್ಮಪ್ಪ ವಾರಗಟ್ಟಲೆ ಮಾತು ಬಿಟ್ಟ. 'ಮೀನು ಮುಟ್ಟದ ಮನೆ ಹುಡುಗಿ ಕೆರೆಯಲ್ಲಿ ನಿಂತು ಮೀನು ಎಣಿಸ್ತಾಳಾ?' ಅಂತ ಕೂಗಾಡಿದ. ನೀನು ಬಗ್ಗಿದೆಯಾ? ಇಲ್ಲ. 'ತಿನ್ನೋರಿಗಿಂತ ತಿನ್ನದೋರೇ ಮೀನಿಗೆ ಒಳ್ಳೇ ಡಾಕ್ಟರು' ಅಂತ ಅವನಿಗೇ ತಿರುಗಿಸಿ ಹೇಳ್ದೆ. ಅದೂ ಕನ್ನಡದಲ್ಲಿ! ನಾನು ಅಡುಗೆಮನೇಲಿ ಬಾಯಿಗೆ ಸೆರಗು ಇಟ್ಕೊಂಡು ನಕ್ಕೆ. ಆಮೇಲೆ ರಿಸಲ್ಟ್ ಬಂತು, ಎ ಮೈನಸ್. ಆಯ್ಕೆ ಬದಲಾಯಿಸ್ಕೊಳ್ಳೋರು ಬದಲಾಯಿಸ್ಕೊಳ್ಳಿ ಅಂತ ಸ್ವಲ್ಪ ದಿನ ವೆಬ್‌ಸೈಟು ತೆರೆದ್ರು. ಸರಿಯಾಗಿ ಅದೇ ಹೊತ್ತಿಗೆ ನಾನು ಬಚ್ಚಲಲ್ಲಿ ಜಾರಿದೆ.

ನಿನ್ನ ಕೈಯಲ್ಲೇ ಬಿದ್ದೆ ಅಂದ್ರೂ ಆಯ್ತು. ಎತ್ತಿದೋಳು ನೀನು, ಆಸ್ಪತ್ರೆಗೆ ಕರ್ಕೊಂಡು ಹೋದೋಳು ನೀನು. ಮಂಡಿ ಊದಿತ್ತು, ಅಷ್ಟೆ. ಆದರೆ ಮಾರನೇ ದಿನ ಊಟದ ಹೊತ್ತಿಗೆ ನೀನು ಸಾರಿಗೆ ಅನ್ನ ಕಲಸ್ತಾ, ತಲೆ ಎತ್ತದೆ, 'ಐ ಚೇಂಜ್ಡ್ ಇಟ್. ಫಾರ್ಮಸಿ. ನೈರೋಬಿ' ಅಂದೆ. ನಿಮ್ಮಪ್ಪ ಎದ್ದು ಕುಣಿಯೋದೊಂದು ಬಾಕಿ. ನಿಮ್ಮಮ್ಮ, ಆ ಭಾರ್ಗವಿ, ಲೋಕದ ಹೆಣ್ಣುಮಕ್ಕಳಿಗೆಲ್ಲ ಹಕ್ಕು ಕೊಡಿಸೋ ಆಫೀಸಲ್ಲಿ ಕೆಲಸ ಮಾಡೋಳು, ಅವಳೂ 'ಗುಡ್ ಡಿಸಿಷನ್' ಅಂದ್ಲು. ಯಾಕೆ ಅಂತ ಯಾರೂ ಕೇಳ್ಲಿಲ್ಲ. ನೀನು 'ಐ ಲೈಕ್ ಮೆಡಿಸಿನ್ಸ್ ಟೂ' ಅಂದೆ. ಜ್ವರದ ಮಾತ್ರೆ ನುಂಗಿಸೋಕೆ ನಿನ್ನ ಹಿಂದೆ ಮನೆಯೆಲ್ಲ ಓಡಿದೋಳು ನಾನು, ನನ್ನ ಮುಂದೆ ಆ ಮಾತು!

ಆ ವಾರವೇ ನೀನು ನಿನ್ನ ಮೀನಿನ ತೊಟ್ಟಿ ಹೆಲನ್‌ಳ ಚರ್ಚಿನ ಶಾಲೆಗೆ ಕೊಟ್ಟುಬಿಟ್ಟೆ. ಗುಂಡ, ಪುಟ್ಟ, ಆ ಬಾಲ ಮುರುಕಿ ರಂಗಿ, ಎಲ್ಲ ಹೋದ್ವು. 'ನೀರು ಬದಲಾಯಿಸೋಕೆ ಟೈಮ್ ಇರಲ್ಲ ಅಜ್ಜಿ' ಅಂದೆ. ತೊಟ್ಟಿ ಇದ್ದ ಜಾಗದಲ್ಲಿ ನನ್ನ ಊರುಗೋಲು ಒರಗಿಸಿಟ್ಟೆ. ಎಷ್ಟು ನೀಟಾಗಿ ಇಟ್ಟೆ! ಹೋಗ್ತಾ ಬರ್ತಾ ನೋಡ್ತಿದ್ದೆ ನಾನು. ಮೀನು ಹೋಗಿ ಕೋಲು ಬಂತಲ್ಲಪ್ಪಾ ಅಂತ.

ಅದಕ್ಕೇ ಅಂತಲ್ಲ… ಯಾವುದಕ್ಕೆ? ಏನೂ ಇಲ್ಲ. ನಾನೇನೂ ಹೇಳ್ತಿಲ್ಲ.

ನನ್ನ ಬಿ.ಎಸ್ಸಿ. ವಿಷಯ ನಿನಗೆ ಗೊತ್ತಲ್ಲ, ಮೈಸೂರು, ಫಸ್ಟ್ ಕ್ಲಾಸು. ನನಗೆ ಬೇಕಾಗಿದ್ದು ಜಿಯಾಲಜಿ. ಕಲ್ಲು ಹುಡುಕ್ಕೊಂಡು ಊರೂರು ಹೋಗ್ಬೇಕಾಗುತ್ತೆ ಅಂತ ಬೇಡ ಅಂದ್ರು. ನಮ್ಮ ಮನೆ ಮಹಡಿಯಿಂದ ಕಾಲೇಜಿನ ಗಂಟೆ ಕೇಳಿಸ್ತಿತ್ತು, ಆ ಕಾಲೇಜಿನಲ್ಲಿ ಏನಿತ್ತೋ ಅದು ಓದಿದೆ. ಅಂಕಕ್ಕೆ ಕಟಾಫ್ ಇರಲಿಲ್ಲ ನಮಗೆ. ಗಂಟೆ ಎಷ್ಟು ದೂರ ಕೇಳಿಸುತ್ತೋ ಅದೇ ಕಟಾಫು. ಹ್ಹ ಹ್ಹ! …ನೀನೂ ನಗಬಹುದು. ಚೆನ್ನಾಗಿತ್ತು ಆ ಮಾತು.

ಎಲ್ಲಿಗೆ ಹೊರಟೆ? ಸ್ವೆಟರ್ ತರೋಕಾ? ಬೇಡ ಬೇಡ, ಆ ಬೀರು ತೆಗೀಬೇಡ, ನಾನೇ ತರ್ತೀನಿ! ಜಾಹ್ನವೀ! ಬಾಗಿಲು ಬಿಗಿಯಾಗಿದೆ, ಕೈ ಸಿಕ್ಕಿಕೊಳ್ಳುತ್ತೆ… ಹೆಲನ್, ಅವಳನ್ನ ಹಿಡಿ…

ಬಿತ್ತಾ.

ಅದು… ಗಂಬೂಟು.

ಹೆಲನ್‌ಗೆ ತಂದಿದ್ದು. ಹೌದು! ಮಳೆಗಾಲದಲ್ಲಿ ನೆಲ ಒರೆಸೋಕೆ… ಬಟ್ಟೆ ಒಗೆಯೋಕೆ. ಹೆಲನ್, ನಿನ್ನದೇ ಅಲ್ವಾ, ಸವಾ? ಸರಿ ಅನ್ನು! …'ಹಪಾನಾ' ಅಂತಾಳಲ್ಲ! ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಕಾಲು ಎತ್ತಿ ತೋರಿಸ್ತಿದಾಳೆ ನೋಡು. ಆಯ್ತಮ್ಮಾ, ನಿನ್ನ ಪಾದ ದೊಡ್ಡದು, ಕಾಣಿಸ್ತು ನನಗೂ. ನಗಬೇಡ, ಒರೆಸು ಹೋಗು.

ಅದರ ಹಿಂದೆ ಇರೋದು ಹಾಸಿಗೆ. ಬಕೆಟ್ಟು. ಬೀಗ… ಹಾಸ್ಟೆಲ್ ಬೀಗ. ನೈರೋಬಿಯಲ್ಲಿ ಮನೆಯಿಂದ ಓದೋಳಿಗೆ ಹಾಸ್ಟೆಲ್ ಬೀಗ ಯಾಕೆ ಅಂತೀಯಾ? ನೀನು ಏನೂ ಅನ್ನಲಿಲ್ಲ, ಹೌದು. ನಾನೇ ಅಂದೆ.

ಅಕ್ಕಪಕ್ಕ ನೋಡ್ಬೇಡ. ಬಚ್ಚಲ ಕಡೆ ಯಾಕೆ ನೋಡ್ತೀಯ? ಆ ಕಂಬೀನಾ? ಟವೆಲ್ ಹಾಕೋಕೆ ಅಂತ ಹೇಳಿರ್ಲಿಲ್ವಾ ಹಾಕಿಸಿದಾಗ! …ಟವೆಲ್ ಹಾಕೋ ಕಂಬಿ ಅಷ್ಟು ದಪ್ಪ ಇರಲ್ಲ, ಗೊತ್ತು. ಹಿಡ್ಕೊಂಡು ನೋಡಿದೀನಿ. ಗಟ್ಟಿಯಾಗಿದೆ. ನಾನೂ ಗಟ್ಟಿಯಾಗಿದೀನಿ. ಹೆಲನ್ ಮುಂದಿನ ತಿಂಗಳಿಂದ ದಿನಾ ಬರ್ತಾಳೆ, ಅದೂ ಮಾತಾಡಿ ಆಗಿದೆ.

ಯಾವಾಗ ಮಾಡಿದೆ ಇದನ್ನೆಲ್ಲ ಅಂತ ಲೆಕ್ಕ ಹಾಕ್ತಿದೀಯ. ಹಾಕ್ಬೇಡ. ಗಣಿತದಲ್ಲಿ ನಿನಗೆ ಎ ಬಂದದ್ದು ನನ್ನ ದುರದೃಷ್ಟ.

ನೋಡು ಮಗಳೇ. ಬೂಟು ವಾಪಸ್ ಕೊಡಬಹುದು, ಬಿಲ್ ಇಟ್ಟಿದೀನಿ. ಸೀಟೂ ಹಾಗೇ. ಬೇರೆ ಯೂನಿವರ್ಸಿಟಿಗೆ ಹೋಗ್ಬೇಕು ಅನ್ನೋರಿಗೆ ಟ್ರಾನ್ಸ್‌ಫರ್ ಅರ್ಜಿ ತೆರೀತಾರಂತೆ, ಅದಕ್ಕೆ ಏನೇನು ಕಾಗದ ಬೇಕು ಅಂತ ಕೇಳಿ ತಿಳ್ಕೊಂಡಿದೀನಿ. ಫಾರ್ಮಸಿ ನಿನಗೆ ನಿಜವಾಗಲೂ ಬೇಕು ಅಂದ್ರೆ, ನನಗೋಸ್ಕರ ಅಲ್ಲ, ನಿಮ್ಮಪ್ಪನ ಲಡ್ಡಿಗೋಸ್ಕರ ಅಲ್ಲ, ನಿನಗೇ ಬೇಕು ಅಂದ್ರೆ ನಾಳೆನೇ ಸೈಬರ್ ಕೆಫೆಗೆ ಹೋಗೋಣ. ನಾನು ಪಕ್ಕದಲ್ಲಿ ಕೂತಿರ್ತೀನಿ. ಒತ್ತೋದೆಲ್ಲ ನೀನೇ ಒತ್ತು. ಈ ಸಲ ನಾನು ಏನೂ ಮುಟ್ಟಲ್ಲ.

…

ಹ್ಞಾ.

'ಈ ಸಲ' ಅಂದೆ ಅಲ್ವಾ.

…ಬೈದುಬಿಡು. ಇಂಗ್ಲಿಷಲ್ಲೇ ಬೈಯಿ, ಇವತ್ತು ತಿದ್ದಲ್ಲ. ಫೈಲಲ್ಲಿದ್ದ ಪಾಸ್‌ವರ್ಡ್ ಹಾಕಿ, ಕೇಳದೇ ಮತ್ತೆ ಮೀನಿಗೆ ಬದಲಾಯಿಸಿದೆ, ನಿನ್ನ ಜೀವನಕ್ಕೆ ಕೈ ಹಾಕಿದೆ ಅನ್ನು. ಕೇಳಿದ್ರೆ ನೀನು ಬೇಡ ಅಂತಿದ್ದೆ, ನನ್ನ ಮಂಡಿ ನೋಡ್ಕೊಂಡು ಬೇಡ ಅಂತಿದ್ದೆ… ಅಂತ ನಾನು ಅಂದ್ಕೊಂಡೆ. ತಪ್ಪಿದ್ರೂ ಇರಬಹುದು. ಬರೀ ಸುಮ್ಮನಿರಬೇಡ ಮಾತ್ರ. ಇನ್ನು ಮೇಲೆ ಈ ಮನೇಲಿ ಸುಮ್ಮನಿರೋದು ಬೇಕಾದಷ್ಟು ಇರುತ್ತೆ, ಅದನ್ನ ಈಗಲೇ ಶುರು ಮಾಡ್ಬೇಡ.

ಮತ್ತೆ ನಿಮ್ಮಪ್ಪಂದೇ. ತಗೋ, ಎತ್ತು. ಕಂಪ್ಯೂಟರ್ ಅಂತ ಹೇಳು, ಅಜ್ಜಿ ಅಂತ ಹೇಳು, ನಿನಗೆ ಸರಿ ಕಂಡದ್ದು ಹೇಳು. ನಾನು ಇಲ್ಲೇ ಇದೀನಿ, ಎಲ್ಲಿಗೂ ಓಡಲ್ಲ, ಮಂಡಿ ಇನ್ನೂ ಓಡೋ ಹಾಗಿಲ್ಲ.

…ಯಾಕೆ ಕಟ್ ಮಾಡಿದೆ?

ಅಯ್ಯೋ, ನೆಲದ ಮೇಲೆ ಯಾಕೆ ಕೂತೆ? ಒದ್ದೆ ಇದೆ ಕಣೆ! ಹೆಲನ್ ಈಗ್ತಾನೆ… ಏನು ಮಾಡ್ತಿದೀಯ? ಕಣ್ಣು ಒರೆಸ್ಕೊಂಡು ನೋಡು, ಕಾಣಿಸ್ತಿಲ್ಲ ನಿನಗೆ. ಅದು ಎಡಗಾಲಿನ ಬೂಟು.

ತಾಳು. ಬಲಗಾಲಿಂದು ಇಲ್ಲಿದೆ.