ಹಳಿಯ ಪಕ್ಕದ ಸವತಿ

ಸಂಜೆಯ ಮಳೆ ಬಿಡುವ ಹಾಗಿರಲಿಲ್ಲ, ಕರೆಂಟೂ ಹೋಗಿತ್ತು. ರೈಲ್ವೆ ಕ್ವಾರ್ಟರ್ಸಿನ ನಾವು ನಾಲ್ಕೈದು ಹೆಂಗಸರು ದೊಡ್ಡಮ್ಮನ ಜಗಲಿಯಲ್ಲಿ ಕಾಲು ಮಡಚಿ ಕೂತಿದ್ದೆವು. "ಗಂಡನ ಮೇಲೆ ಸದಾ ಹರಿಹಾಯ್ತೀರಲ್ಲ ದೊಡ್ಡಮ್ಮ, ಪಾಪ, ಆ ಮನುಷ್ಯ ಏನು ಮಾಡಿದಾರೆ?" ಎಂದು ಯಾರೋ ಕೆಣಕಿದರು. ದೊಡ್ಡಮ್ಮ ನಗಲಿಲ್ಲ. ಅವರ ಯಜಮಾನರು ಮಲಗುವ ಒಳಕೋಣೆಯ ಬಾಗಿಲನ್ನು ಮುಂದಕ್ಕೆಳೆದು ಬಂದು ಕೂತರು.

"ಕೇಳ್ರೇ ಹಾಗಾದ್ರೆ… ನಾನು ಇವರಿಗೆ ಎರಡನೆಯವಳು. ಮೊದಲನೆಯವಳಿಗೆ ಸವತಿ ಯಾರು ಗೊತ್ತಾ? ಯಾರ್ಡಿನ ಆ ತುದೀಲಿದ್ದ, ರೈಲನ್ನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಹಳೇ ಮೋಟರು! ಇವರು ಅದರ ಫಿಟ್ಟರು. ಅದಕ್ಕೆ ವಯಸ್ಸಾಗಿತ್ತು, ಯಾವಾಗ ಕೈ ಕೊಡತ್ತೋ ಅಂತ ಇವರು ಊಟ ಬಿಟ್ಟು ಅದರ ಮೈ ತಡವ್ತಾ ಕೂರೋರಂತೆ. ಅವಳು ಊಟದ ಡಬ್ಬಿ ಹಿಡ್ಕೊಂಡು ಅಲ್ಲಿಗೇ ಹೋಗಿ, 'ಸತ್ತರೆ ಇದರೊಳಗೇ ಸೇರ್ಕೋತೀನಿ, ಆಗಲಾದ್ರೂ ನನ್ನ ಮುಟ್ತೀರಿ' ಅಂತ ಜಗಳ ಆಡ್ತಾ ಆಡ್ತಾನೇ ಕುಸಿದು ಬಿದ್ಲಂತೆ… ಮತ್ತೆ ಏಳಲಿಲ್ಲ.

"ಆಮೇಲೆ ನಾನು ಬಂದೆ, ಮೋಟರಿಗೆ ಬಿಸಿ ಅಳೆಯೋ ಸೆನ್ಸರೂ ಬಂತು. ಮೋಟರಿನ ಬಿಸಿ ಏರಿದ್ರೆ ಸಾಕು, ಅದು ಕೆಡೋ ಮುಂಚೆಯೇ ಇವರ ಫೋನಿಗೆ ಸುದ್ದಿ. ರೈಲು ನಿಲ್ಲೋದು ತಪ್ಪಿತು, ಆಫೀಸಿನವರಿಗೆ ಖುಷಿ. ನನಗೂ ಖುಷಿ, ಇನ್ನು ಗಂಡ ಮನೇಲಿರ್ತಾರಲ್ಲ ಅಂತ. ಆದ್ರೆ ಆ ಫೋನು ಬಡ್ಕೊಳ್ತಿದ್ದದ್ದು ಯಾವಾಗ ಹೇಳಿ? ಇವರು ನನ್ನ ಪಕ್ಕ ಕೂತು ಒಂದು ಒಳ್ಳೇ ಮಾತಾಡಿದಾಗ! ಬೇರೆ ಫಿಟ್ಟರು ಹೋದ್ರೆ ಬಿಸಿ ಇಳೀತಿರ್ಲಿಲ್ಲ, ಬಿಚ್ಚಿ ನೋಡಿದ್ರೆ ದೋಷ ಸಿಗ್ತಿರ್ಲಿಲ್ಲ. ಇವರು ಹೋಗಿ ಅಂಗೈ ಇಟ್ರೆ… ತಣ್ಣಗೆ. ಒಂದಿನ ಹೊಟ್ಟೆಕಿಚ್ಚು ತಡೀಲಾರದೆ ನಾನೇ ಹೋಗಿ ಕೈ ಇಟ್ಟೆ ಕಣ್ರೇ. ನೋಡಿ, ಈ ಬೊಬ್ಬೆಯ ಕಲೆ ಇನ್ನೂ ಇದೆ.

"ಮೋಟರು ಗುಜರಿಗೆ ಹೋಯ್ತು, ಸೆನ್ಸರೂ ಹೋಯ್ತು, ಇವರು ರಿಟೈರಾದ್ರು. ಫೋನು ಸುಮ್ಮನಾಯ್ತಾ? ಎಲ್ಲಿ! ಈಗಲೂ ಬಡ್ಕೊಳ್ಳತ್ತೆ. ಮೋಟರಿದ್ದ ಜಾಗದಲ್ಲೀಗ ಬರೀ ಜಲ್ಲಿಕಲ್ಲು, ಇವರು ಅದರ ಮೇಲೇ ಅಂಗೈ ಊರಿ ಕೂತು ಬರ್ತಾರೆ. ಅದಕ್ಕೇ ಬಯ್ತೀನಿ. ನಾವು ಕಿತ್ತಾಡ್ತಿದ್ರೆ ಆ ಮೊದಲನೆಯವಳು ತೆಪ್ಪಗಿರ್ತಾಳೆ. ಇವತ್ತು ಮಳೆ ನೋಡಿ ಇವರ ಮನಸ್ಸು ಕರಗಿತೇನೋ… ನನ್ನ ತಲೆ ನೇವರಿಸಿದ್ರು. ಅಷ್ಟೇ."

ನಮ್ಮಲ್ಲೊಬ್ಬಳು ಮೆಲ್ಲಗೆ ಎದ್ದು ಕೋಣೆಯ ಬಾಗಿಲು ತಳ್ಳಿದಳು. ಹಾಸಿಗೆ ಖಾಲಿ. ಹಿಂಬಾಗಿಲು ಹಾರುಹೊಡೆದಿತ್ತು.

"ಬರ್ತಾರೆ ಬಿಡೇ, ಮುಟ್ಟಿ ಬರ್ತಾರೆ" ಎಂದರು ದೊಡ್ಡಮ್ಮ. "ನಾನೂ ಒಂದಿನ ಸಾಯ್ತೀನಲ್ಲ… ಆಗ ಆ ಫೋನಿಗೆ ಇಬ್ಬರ ಕರೆಯೂ ಬರತ್ತೆ. ಮೊದಲು ಯಾರ ಹತ್ರ ಓಡ್ತಾರೋ, ನೋಡೇ ಬಿಡೋಣ."