ಹಗ್ಗ ಹಿಡಿದವನು

ಚಲಪತಿಯ ಯೆಜ್ಡಿ ಬೈಕು ಚಿಂತಾಮಣಿ ಮುಟ್ಟುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ತೊಂಬತ್ತೊಂಬತ್ತರ ದಸರಾ ರಜೆ. ಗೌರಿಬಿದನೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಚಲಪತಿಗೆ ಬಂಡೆ ಹತ್ತುವ ಹುಚ್ಚು. ನಾಲ್ಕು ದಿನ, ನಾಲ್ಕು ತಾಲ್ಲೂಕು, ಒಂದೊಂದರಲ್ಲಿ ಒಂದು ಬಂಡೆ ಎಂದು ಅವನು ತಿಂಗಳ ಮೊದಲೇ ಯೋಜನೆ ಹಾಕಿದ್ದ. ಜೊತೆಗೆ ಬರುತ್ತೇವೆಂದಿದ್ದ ಸ್ನೇಹಿತರೆಲ್ಲ ಕೊನೆಗಳಿಗೆಯಲ್ಲಿ ಕೈಕೊಟ್ಟರು. ಹತ್ತುವವನು ಜಾರಿದರೆ ತಡೆಯಲು ಕೆಳಗೆ ನಿಂತು ಹಗ್ಗ ಹಿಡಿಯುವವರನ್ನು ಆಯಾ ಊರಿನಲ್ಲೇ ಹುಡುಕಿಕೊಂಡರಾಯಿತೆಂದು ಒಬ್ಬನೇ ಹೊರಟ. ಶಿಡ್ಲಘಟ್ಟದ ಕಡೆಯ ದಿಬ್ಬೂರಹಳ್ಳಿಯಲ್ಲಿ ಸಿಕ್ಕಿದವನು ಬಯ್ಯಪ್ಪ. ರೇಷ್ಮೆ ನೂಲು ತೆಗೆಯುವ ಕೆಲಸದವನು, ಬಂಡೆ ಹತ್ತುವುದನ್ನು ಕಂಡವನೇ ಅಲ್ಲ. ಆದರೆ ಕೈ ಗಟ್ಟಿ, ಮನಸ್ಸು ಮೆತ್ತಗೆ. ಚಿಂತಾಮಣಿಗೂ ಬರ್ತೀನಿ ಎಂದು ಬೈಕಿನ ಹಿಂದೆ ಕೂತುಬಿಟ್ಟಿದ್ದ.

ಚಿಂತಾಮಣಿಯಲ್ಲಿ ಬಂಡೆಗಳ ವಿಷಯ ಕೇಳಿದವರೆಲ್ಲ ಒಬ್ಬರನ್ನೇ ತೋರಿಸಿದರು: ನಿವೃತ್ತ ಪಿ.ಟಿ. ಮೇಷ್ಟ್ರು ವೆಂಕಟೇಶಮೂರ್ತಿ. ಅರವತ್ತೆರಡು ವರ್ಷ, ತೆಳ್ಳಗಿನ ಆಳು, ಮಂಡಿ ನೋವು. ಜಗಲಿಯ ಮೇಲೆ ಕೂರಿಸಿಕೊಂಡರು. ಬಂಡೆ ತೋರಿಸಿ, ಬಯ್ಯಪ್ಪನ ಜೊತೆ ಹಗ್ಗಕ್ಕೆ ನೀವೂ ಇರಬೇಕು ಎಂದು ಚಲಪತಿ ಕೇಳಿಕೊಂಡ. ಅವರ ಹೆಂಡತಿ ವಿಶಾಲಾಕ್ಷಮ್ಮ ಕಾಫಿ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಮೇಷ್ಟ್ರು ಲಾಟೀನು ಹಚ್ಚಿಟ್ಟರು.

ಮಾತಿನ ನಡುವೆ ಬಯ್ಯಪ್ಪ ಬೆಳಗಿನ ತಮಾಷೆ ಹೇಳಿದ. ಚಲಪತಿ ಬಂಡೆಯ ತುದಿ ಮುಟ್ಟಿ, ಸೊಂಟದ ಹಗ್ಗ ಬಿಚ್ಚಿ ಮರಕ್ಕೆ ಕಟ್ಟಿ, ಹಿಂದಿನ ಕಾಲುದಾರಿಯಿಂದ ಸದ್ದಿಲ್ಲದೆ ಇಳಿದುಬಂದಿದ್ದ. ಬಯ್ಯಪ್ಪ ಕತ್ತೆತ್ತಿಕೊಂಡು ಹಗ್ಗ ಹಿಡಿದು ನಿಂತಿದ್ದನ್ನು ಅರ್ಧ ಗಂಟೆ ಕಡಲೆಕಾಯಿ ತಿನ್ನುತ್ತಾ ನೋಡಿ, ಆಮೇಲೆ ಬೆನ್ನಿಗೆ ತಿವಿದಿದ್ದ. "ನಾನು ಮೇಲ್ಗಡೆ ಅಣ್ಣ ಅವ್ರೆ ಅಂತ ಹಿಡ್ಕೊಂಡೇ ಇದ್ದೀನಿ ಸಾರ್," ಎಂದು ಬಯ್ಯಪ್ಪ ಅಂಗೈ ತೋರಿಸಿ ನಕ್ಕ. ಅಂಗೈ ಕೆಂಪಗಾಗಿತ್ತು.

ಮೇಷ್ಟ್ರು ನಗಲಿಲ್ಲ. ಲೋಟ ಕೆಳಗಿಟ್ಟರು.

"ಹಗ್ಗ ಹಿಡಿಯೋಕೆ ನಾನು ಬರಲ್ಲಪ್ಪ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ. ಮಳೆ ಹೆಂಗೂ ಈಗ್ಲೇ ಬಿಡಲ್ಲ…

"ಎಂಬತ್ತೆರಡನೇ ಇಸವಿ. ನನಗೆ ನಲವತ್ತೈದು ಆಗಿತ್ತು, ಆದ್ರೂ ಹುಡುಗಾಟ ಹೋಗಿರಲಿಲ್ಲ. ರಾಮನಗರದ ಬೆಟ್ಟದಲ್ಲಿ ಹತ್ತು ದಿನ ಶಿಬಿರಕ್ಕೆ ಹೋಗಿ ಬಂಡೆ ಹತ್ತೋದು ಕಲಿತಿದ್ದೆ, ಒಂದು ನೈಲಾನ್ ಹಗ್ಗ ಕೊಂಡ್ಕೊಂಡಿದ್ದೆ, ಇನ್ನು ಕೇಳ್ತೀರಾ… ನಿನ್ನ ಹಂಗೇ ನಾನೂ ನಾಲ್ಕು ತಾಲ್ಲೂಕು ಸುತ್ತೋಕೆ ಹೊರಟೆ ಕಣಪ್ಪ ಚಲಪತಿ. ಬೈಕ್ ಎಲ್ಲಿತ್ತು? ಬಸ್ಸೇ ಗತಿ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಎಲ್ಲಾ ಕಡೆ ಸ್ಕೂಲ್ ಮೇಷ್ಟ್ರುಗಳಿಗೆ ಕಾರ್ಡು ಬರೆದೆ, ಹಗ್ಗ ಹಿಡಿಯೋಕೆ ಗಟ್ಟಿ ಮನುಷ್ಯ ಒಬ್ಬ ಬೇಕು ಅಂತ. ಒಂದೂರಲ್ಲಿ ಟೈಲರ್ ಸಿಕ್ಕಿದ, ಇನ್ನೊಂದೂರಲ್ಲಿ ಪೋಸ್ಟ್‌ಮ್ಯಾನ್. ಎಲ್ಲಾ ಕಡೆ ಯಾರೋ ಒಬ್ಬರು ಸಿಕ್ಕಿದ್ರು. ನನ್ನ ಸ್ವಂತ ಊರಲ್ಲಿ ಮಾತ್ರ ಒಬ್ಬನೂ ಬರಲಿಲ್ಲ. ನನ್ನ ಹುಚ್ಚು ಇಲ್ಲಿಯವರಿಗೆ ಗೊತ್ತಿತ್ತಲ್ಲ.

"ಮುರುಗಮಲ್ಲದಲ್ಲಿ ಬಸ್ಸಿಳಿದು ಟೀ ಕುಡಿತಾ ಕೂತಿದ್ದಾಗ ಕೋನಪ್ಪ ಸಿಕ್ಕಿದ. ಜೇನು ಕೀಳೋ ಜನ. ಅವರಲ್ಲಿ ಒಂದು ಕಟ್ಟು ಇತ್ತು ಕಣ್ರಪ್ಪ. ಬಂಡೆ ಮೇಲಿಂದ ಹಗ್ಗದಲ್ಲಿ ಇಳಿದು ಜೇನು ಕೀಳೋನಿಗೆ, ಮೇಲೆ ಹಗ್ಗ ಹಿಡಿಯೋನು ಹೆಂಡತಿ ತಮ್ಮನೇ ಆಗಿರಬೇಕು. ಯಾಕೆ? ಅಕ್ಕನ ತಾಳಿ ಅವನ ಕೈಯಲ್ಲಿರುತ್ತಲ್ಲ, ಬಿಡ್ತಾನಾ? ಕೆಲಸ ಮುಗಿದ ಮೇಲೆ ಇಳಿದೋನು ಬಂದು, ಹಗ್ಗ ಹಿಡಿದಿರೋನ ಕೈ ಮುಟ್ಟಿ, 'ಬಂದೆ, ಬಿಡು' ಅನ್ನಬೇಕು. ಅಲ್ಲೀವರೆಗೂ ಸಿಡಿಲು ಬಡಿದ್ರೂ ಬಿಡಂಗಿಲ್ಲ. ಅದನ್ನೆಲ್ಲ ನನಗೆ ಹೇಳಿ ಕೋನಪ್ಪ ಏನಂದ ಗೊತ್ತಾ? 'ನೀವು ನಂಗೆ ಬಾವನೂ ಅಲ್ಲ, ನೆಂಟನೂ ಅಲ್ಲ ಸಾರ್. ಆದ್ರೂ ಹಿಡಿದ್ರೆ ಹಿಡಿದಂಗೆ.' ಅಂದ.

"ಅವನು ತೋರಿಸಿದ ಬಂಡೆಗೆ ಹೊಟ್ಟೆ ಮುಂದಕ್ಕೆ ಬಂದಿತ್ತು. ಹೊಟ್ಟೆ ಕೆಳಗೆ, ಎಡಗಡೆ, ಹೆಜ್ಜೇನು. ಹಗ್ಗ ಎಡಕ್ಕೆ ಹೋಗಬಾರದು ಸಾರ್ ಅಂತ ಎರಡು ಸಲ ಹೇಳಿದ. ನಾನು ಸೊಂಟಕ್ಕೆ ಹಗ್ಗ ಕಟ್ಕೊಂಡು, ಬಿರುಕು ಸಿಕ್ಕಲ್ಲಿ ಬಳೆ ಮೊಳೆ ಹೊಡೆದು ಹಗ್ಗ ಅದರೊಳಗೆ ತೂರಿಸ್ತಾ ಹತ್ತಿದೆ, ಜಾರಿದ್ರೆ ಕೆಳಗಿನೋನು ತಡೀಲಿ ಅಂತ. ಹೊಟ್ಟೆ ದಾಟಿದ ಮೇಲೆ ಕೆಳಗಿದ್ದೋನಿಗೆ ನಾನು ಕಾಣಿಸ್ತಿರಲಿಲ್ಲ. ಅದಕ್ಕೆ ಆಗಾಗ ಹಗ್ಗಾನ ಮೆಲ್ಲಗೆ ಎರಡು ಸಲ ಎಳೆಯೋನು… ಇದ್ದೀರಾ ಸಾರ್, ಅಂತ. ನಾನೂ ಎರಡು ಸಲ ಎಳೀತಿದ್ದೆ. ಇದ್ದೀನಿ ಕೋನಪ್ಪ, ಅಂತ."

ಮೇಷ್ಟ್ರ ಬಲಗೈ ಸೊಂಟದ ಹತ್ತಿರ ಹೋಗಿ, ಅಂಗಿಯನ್ನು ಸರಿಮಾಡಿಕೊಂಡು, ಮತ್ತೆ ತೊಡೆಯ ಮೇಲೆ ಬಂತು. ಸಂಜೆಯಿಂದ ಇದು ಮೂರನೆಯ ಸಲವೋ ನಾಲ್ಕನೆಯ ಸಲವೋ ಎಂದು ಚಲಪತಿಗೆ ಅನಿಸಿತು.

"ತುದಿ ಮುಟ್ಟಿದೆ. ಹಗ್ಗ ಬಿಚ್ಚಿದೆ, ಎಳೆದು ಒಂದು ಮರಕ್ಕೆ ಬಿಗಿದೆ. ಗಾಳಿ ಚೆನ್ನಾಗಿತ್ತು, ಕೂತೆ. ನಾನು ನೋಡ್ತಾನೇ ಇದ್ದೀನಿ, ಮರಕ್ಕೆ ಕಟ್ಟಿದ ಹಗ್ಗ ಎರಡು ಸಲ ಅಲ್ಲಾಡಿತು. ಇದ್ದೀರಾ ಸಾರ್… ಎದ್ದು ಎರಡು ಸಲ ಎಳೆದು, ಬಂದೆ ಅಂತ ಒಂದು ಕೂಗು ಹಾಕೋಕೆ ನನಗೇನು ಬಂದಿತ್ತು ಹೇಳಿ? ಸೋಮಾರಿತನ, ಅಷ್ಟೇ. ಇಳಿದು ಹೋಗಿ ಹಿಂದಿನಿಂದ ಹೆದರಿಸಣ ಅಂದುಕೊಂಡೆ. ಹೌದಪ್ಪ, ನಿನ್ನ ಥರಾನೇ. ಸುತ್ತಿ ಬಳಸಿ ಹಿಂದಿನ ದಾರೀಲಿ ಇಳಿದೆ.

"ನಾನು ಮೇಲೆ ಬಿಗಿದಾಗ ಹಗ್ಗ ಎಡಕ್ಕೆ ಜಾರಿ ಜೇನಿಗೆ ಉಜ್ಜಿತ್ತು. ನಾನು ಬಂಡೆ ಬಳಸಿ ಬಂದಾಗ ಏನು ನೋಡ್ದೆ… ಕೋನಪ್ಪ ಕಾಣಿಸ್ತಾನೇ ಇರಲಿಲ್ಲ. ಕರೀ ಕಂಬಳಿ ಹೊದ್ದಂಗೆ ಮೈ ತುಂಬಾ ಹೆಜ್ಜೇನು. ಹುಟ್ಟಿದಾಗಿನಿಂದ ಜೇನು ನೋಡಿದೋನು, ಹೆಂಗೆ ತಪ್ಪಿಸಿಕೊಳ್ಳಬೇಕು ಅಂತ ಗೊತ್ತಿರೋನು, ಹತ್ತು ಮಾರು ದೂರದಲ್ಲಿ ನೀರಿನ ಗುಂಡಿ ಇತ್ತು, ಓಡಲಿಲ್ಲ. ಯಾಕೆ ಓಡಲಿಲ್ಲ? ಮೇಲೆ ಹಗ್ಗದಲ್ಲಿ ನಾನಿದ್ದೀನಿ ಅಂತ."

ಬಯ್ಯಪ್ಪ ತನ್ನ ಅಂಗೈ ಮಡಚಿಕೊಂಡ.

"ಇಷ್ಟು ಕತೆ ಊರಿಗೆಲ್ಲ ಗೊತ್ತು. ನಾನು ಬರೋ ಹೊತ್ತಿಗೆ ಅವನ ಜೀವ ಹೋಗಿತ್ತು ಅಂತ ಎಲ್ಲರಿಗೂ ಹೇಳಿದ್ದೀನಿ. ಅವನ ಹೆಂಡತಿ ಗಂಗುಲಮ್ಮನಿಗೂ ಹಂಗೇ ಹೇಳಿದೆ. ಸುಳ್ಳು. ಅವನಿಗೆ ಜೀವ ಇತ್ತು. ಇಲ್ಲಿಂದ ಆ ಗೇಟಿನಷ್ಟು ದೂರದಲ್ಲಿ ಒಂದು ಹುಣಸೆ ಮರ, ಅದರ ಹಿಂದೆ ನಾನು ನಿಂತಿದ್ದೆ. ಅವನ ಕೈ ಹಗ್ಗಾನ ಎರಡು ಸಲ ಎಳೀತು… ನಾನು ಕಣ್ಣಾರೆ ನೋಡಿದೆ. ಬಂದೆ ಬಿಡು ಕೋನಪ್ಪ ಅಂತ ಒಂದು ಮಾತು ಕೂಗಿದ್ರೆ ಸಾಕಿತ್ತು, ಬಿಟ್ಟು ಗುಂಡಿಗೆ ಹಾರ್ತಿದ್ದ. ಕೂಗಿದ್ರೆ ಜೇನು ನನ್ನ ಕಡೆ ತಿರುಗ್ತವೆ ಅಂತ ನಾನು… ಬಾಯಿಗೆ ಟವೆಲ್ ಒತ್ಕೊಂಡು ನಿಂತ್ಬಿಟ್ಟೆ ಕಣ್ರಪ್ಪ.

"ಸತ್ತ ಮೇಲೂ ಅವನ ಬೆರಳು ಬಿಡಿಸೋಕೆ ಯಾರ ಕೈಲೂ ಆಗಲಿಲ್ಲ. ಹಗ್ಗಾನ ಎರಡೂ ಕಡೆ ಕುಯ್ದು, ಹಿಡಿದಿದ್ದ ತುಂಡಿನ ಸಮೇತ ಮಣ್ಣು ಮಾಡಿದ್ರು. ಗಂಗುಲಮ್ಮ ನನ್ನನ್ನ ಕರೆದು, 'ಸಾರ್, ಸಮಾಧಿ ಮುಟ್ಟಿ ಒಂದು ಮಾತು ಹೇಳಿಬಿಡಿ, ಬಂದೆ ಬಿಡು ಅಂತ. ನೀವು ಹೇಳದೆ ಅವನು ಬಿಡಲ್ಲ' ಅಂದಳು. ಹೇಳೋಕೆ ಹೋದೆ. ಸುಳ್ಳು ಹೇಳಿದ ಬಾಯಿಗೆ ಆ ಮಾತು ಬರಲಿಲ್ಲ. ಮನಸ್ಸಲ್ಲೇ ಹೇಳಿದೆ ಅಂತ ಅವಳನ್ನ ನಂಬಿಸಿದೆ.

"ತಿಂಗಳು ಕಳೀತು. ಸ್ಕೂಲ್ ಬಾವಿ ಕಟ್ಟೆ ಮೇಲೆ ಕಾಲು ಜಾರಿತು ನನಗೆ. ಬಿದ್ದೇ ಬಿಟ್ಟೆ ಅನ್ನುವಾಗ ಸೊಂಟದಲ್ಲಿ ಯಾರೋ ಹಿಡಿದು ಎಳೆದಂಗಾಯ್ತು. ಹಿಂದೆ ಯಾರೂ ಇಲ್ಲ. ನೆಟ್ಟಗೆ ನಿಂತ ಮೇಲೆ ಮೆಲ್ಲಗೆ ಎರಡು ಸಲ… ಅವತ್ತಿಂದ ಒಂದು ದಿನ ತಪ್ಪಿಸಿಲ್ಲ. ಊಟ ಮಾಡ್ತಾ ಇರ್ತೀನಿ, ಪೇಪರ್ ಓದ್ತಾ ಇರ್ತೀನಿ, ಎರಡು ಸಲ. ಗಂಗುಲಮ್ಮ ಪ್ರತಿ ವರ್ಷ ಈ ದಿನಗಳಲ್ಲಿ ಬರ್ತಾಳೆ, ಇದೇ ಮೆಟ್ಟಿಲ ಮೇಲೆ ಕೂತು ಕೇಳ್ತಾಳೆ, 'ನಿಜಂಗಾ ಚೆಪ್ಪಿನಾರಾ ಸಾರ್, ನಿಜವಾಗ್ಲೂ ಹೇಳಿದ್ರಾ? ನನ್ನ ಕನಸಲ್ಲಿ ಇನ್ನೂ ಹಗ್ಗ ಹಿಡ್ಕೊಂಡೇ ನಿಂತವ್ನೆ, ಕೈಯೆಲ್ಲ ರಕ್ತ' ಅಂತ. ಹೇಳಿದ್ದೀನಿ ತಾಯಿ ಅಂತೀನಿ. ಹದಿನೇಳು ವರ್ಷ ಆಯ್ತು."

ಚಲಪತಿಗೆ ಬೆಳಗಿನ ಕಡಲೆಕಾಯಿ ನೆನಪಾಗಿ ನಾಚಿಕೆಯಾಯಿತು. ಅವನು ಬಯ್ಯಪ್ಪನ ಕೈ ಮೇಲೆ ಕೈಯಿಟ್ಟು, ಮೆಲ್ಲಗೆ, "ಬಂದೆ ಕಣಪ್ಪ, ಬಿಡು," ಎಂದ. ಬಯ್ಯಪ್ಪ ತಲೆಯಾಡಿಸಿದ. ಮೇಷ್ಟ್ರು ಅದನ್ನು ನೋಡಿ ಮುಖ ತಿರುಗಿಸಿದರು.

"ನೀವೂ ಈಗ ಹೇಳಿಬಿಡಿ ಸಾರ್," ಎಂದ ಚಲಪತಿ. "ಒಂದೇ ಮಾತು."

ಮೇಷ್ಟ್ರು ಎದ್ದರು. ಮಳೆ ಎಷ್ಟಿದೆಯೆಂದು ನೋಡಲು ಜಗಲಿಯ ಅಂಚಿಗೆ ಹೋಗಿ ಒದ್ದೆ ಮೆಟ್ಟಿಲ ಮೇಲೆ ಕಾಲಿಟ್ಟರು. ಕಾಲು ಜಾರಿತು. ಚಲಪತಿ ಏಳುವುದರೊಳಗೆ ಅವರ ಮೈ ಪೂರಾ ಮುಂದಕ್ಕೆ ವಾಲಿತ್ತು. ಕೆಳಗೆ ಚಪ್ಪಡಿ ಕಲ್ಲು. ಆದರೆ ಮೇಷ್ಟ್ರು ಬೀಳಲಿಲ್ಲ. ಮೆಟ್ಟಿಲಿಗೆ ಹಿಮ್ಮಡಿಯಷ್ಟೇ ತಾಗಿಸಿಕೊಂಡು, ಯಾವ ಆಸರೆಯೂ ಇಲ್ಲದೆ, ಓರೆಯಾಗಿ ನಿಂತಿದ್ದರು. ಅವರ ಅಂಗಿ ಸೊಂಟದ ಸುತ್ತ ನೆರಿಗೆಗಟ್ಟಿ ಬಿಗಿದುಕೊಂಡಿತ್ತು. ಆಮೇಲೆ ನಿಧಾನವಾಗಿ, ಯಾರೋ ಜೋಪಾನವಾಗಿ ಎಳೆದುಕೊಂಡಂತೆ, ಅವರು ನೆಟ್ಟಗಾದರು.

ಲಾಟೀನಿನ ಬೆಳಕಿನಲ್ಲಿ ಅವರ ಕಣ್ಣು ಒದ್ದೆಯಾಗಿತ್ತು.

"ಹೋದ ವರ್ಷ ಎದೆ ನೋವು ಬಂದಾಗ ಡಾಕ್ಟರು ಕೈಬಿಟ್ಟಿದ್ರು. ಇವನು ಬಿಡಲಿಲ್ಲ. ನಾನು ಆ ಮಾತು ಹೇಳಿದ ಗಳಿಗೆ ಎಲ್ಲಿಗೆ ಬೀಳ್ತೀನಿ ಅಂತ ನನಗೆ ಗೊತ್ತಪ್ಪ. ನಾಳೆ ಹೇಳಣ, ನಾಳೆ ಹೇಳಣ ಅಂತ ದಿನಾ ಅಂದ್ಕೊಳ್ತೀನಿ… ಅವತ್ತು ಹುಣಸೆ ಮರದ ಹಿಂದೆ ನಿಂತೋನು, ಇವತ್ತೂ ಅಲ್ಲೇ ನಿಂತಿದ್ದೀನಿ."

ಅವರ ಬಲಗೈ ಮತ್ತೆ ಸೊಂಟಕ್ಕೆ ಹೋಯಿತು. ಈ ಸಲ ಅದು ಅಂಗಿಯನ್ನು ಸರಿಮಾಡಲಿಲ್ಲ. ಏನೂ ಇಲ್ಲದ ಕಡೆ ಬೆರಳು ಮಡಚಿ, ಮೆಲ್ಲಗೆ ಎರಡು ಸಲ ಎಳೆಯಿತು.

"ಇದ್ದೀನಿ ಕೋನಪ್ಪ," ಎಂದರು ಮೇಷ್ಟ್ರು.