ಗೋಡೆಯ ಮುಂದೆ ನಿಂತವಳು

ಅವತ್ತು ಭಾವ ಅಂಗಡಿ ಮುಚ್ಚಿದಾಗ ರಾತ್ರಿ ಹತ್ತೂವರೆ. ಮನೆಗೆ ಬೇಗ ಸೇರೋಣ ಅಂತ ಬಾವಿಯ ಪಕ್ಕದ ದಾರಿ ಹಿಡಿದ. ಬಾವಿಕಟ್ಟೆ ಒಂದು ಕಡೆ ಕುಸಿದಿದೆ, ಅಲ್ಲಿ ದೀಪವೂ ಇಲ್ಲ. ಮೊಬೈಲ್ ಬೆಳಕಿನಲ್ಲಿ ಕಾಲಿಡುತ್ತಿದ್ದಾಗ ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಟೆಸ್ಟರ್... ಸ್ವಲ್ಪ ಮನೆಗೆ ಬರ್ತೀಯೇನಪ್ಪಾ?"

ಭಾವ ತಿರುಗಿದರೆ ಟೈಲರಕ್ಕ. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

ಭಾವ ಅಂದರೆ ನಮ್ಮ ಸೋದರಮಾವನ ಮಗ. ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಜೇಬಿನಲ್ಲಿ ಸದಾ ಟೆಸ್ಟರ್ ಇರುವುದರಿಂದ ಓಣಿಗೆಲ್ಲ ಅದೇ ಹೆಸರು. ಕತೆ ಕಟ್ಟುವವನಲ್ಲ. ಕಟ್ಟಲು ಬೇಕಾದ ತಲೆಯೂ ಅವನಿಗಿಲ್ಲ ಅಂತ ಅತ್ತೆಯೇ ಹೇಳುತ್ತಾರೆ.

ಟೈಲರಕ್ಕನ ಮನೆ ಬಾವಿಗೆ ಬೆನ್ನು ಹಾಕಿ ನಿಂತಿದೆ. ಅಕ್ಕನಿಗೆ ಒಬ್ಬಳೇ ಮಗಳಿದ್ದಳು, ಹದಿನೆಂಟು ವರ್ಷದ ಗುಬ್ಬಿ. ಒಂದೂವರೆ ವರ್ಷದ ಹಿಂದೆ ರಾತ್ರಿ ನೀರಿನ ಮೋಟಾರ್ ಆರಿಸಲು ಹೊರಗೆ ಹೋದವಳು ಕಾಲು ಜಾರಿ ಬಾವಿಗೆ ಬಿದ್ದಳು. ಅವಳ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿತ್ತು. ಅದರಲ್ಲೊಂದು ಸಂಸಾರದ ಆಟ. ಜನರನ್ನು ನಾವೇ ಮಾಡಬೇಕು, ಮನೆ ನಾವೇ ಕಟ್ಟಬೇಕು, ಆಮೇಲೆ ಅವರು ಅಡುಗೆ ಮಾಡಿಕೊಂಡು, ಜಗಳವಾಡಿಕೊಂಡು, ಮಲಗಿ ಎದ್ದುಕೊಂಡು ಬದುಕುತ್ತಾರೆ. ಗುಬ್ಬಿ ಅಮ್ಮನ ಟೇಪಿನಲ್ಲೇ ಮನೆಯ ಒಂದೊಂದು ಗೋಡೆ ಅಳೆದು ಆಟದಲ್ಲಿ ತಮ್ಮ ಮನೆಯನ್ನೇ ಕಟ್ಟಿದ್ದಳು. ಒಳಗೆ ಇಬ್ಬರು. ಒಬ್ಬಳು ಅಮ್ಮ, ಒಬ್ಬಳು ಅವಳು.

"ಮೊದ್ಲು ಚೆನ್ನಾಗೇ ಓಡ್ತಿತ್ತು. ಈಗ ಆಟದಲ್ಲಿ ರಾತ್ರಿಯಾದ್ರೆ ಒಂದು ಹೆಜ್ಜೆ ಇಡೋಕೆ ಒಂದು ನಿಮಿಷ" ಅಂದರು ಅಕ್ಕ, ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ. "ನಿನ್ನೆ ಸೇವ್ ಕೂಡ ಆಗ್ಲಿಲ್ಲ. ಕೆಂಪಕ್ಷರದಲ್ಲಿ ಏನೋ ಬಂತು."

ಭಾವ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. ಫ್ಯಾನಿಗೆ ದಾರದ ಎಳೆ, ಬಟ್ಟೆಯ ನಾರು ಮೆತ್ತಿಕೊಂಡಿತ್ತು.

"ಇದಕ್ಕೊಂದು ಸ್ವೆಟರ್ ಹೊಲಿದಿದ್ದೀರಲ್ಲ ಅಕ್ಕಾ."

"ಕೂಲಿ ಕೊಡು ಮತ್ತೆ."

ಸ್ವಚ್ಛ ಮಾಡಿದ. ಫ್ಯಾನು 'ಗರ್ರ್' ಅನ್ನುವುದು ನಿಂತು 'ಸುಂಯ್' ಅಂತ ತಿರುಗತೊಡಗಿತು. ಆಟ ಮಾತ್ರ ಹಾಗೇ ತೆವಳುತ್ತಿತ್ತು.

ಗುಬ್ಬಿ ಇಂಟರ್ನೆಟ್ಟಿನಿಂದ ತಂದು ಸೇರಿಸಿದ್ದ ಬಟ್ಟೆ, ಜಡೆ, ಕುರ್ಚಿ, ಮೇಜು ಎಲ್ಲ ಸೇರಿ ಎಂಬತ್ತನಾಲ್ಕು ಕಡತಗಳಿದ್ದವು. ಇಂಥಲ್ಲಿ ಭಾವನ ಕ್ರಮ ಒಂದೇ. ಅರ್ಧ ತೆಗೆದು ಆಟ ಓಡಿಸುವುದು. ಸರಿಹೋದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ. ಏಳು ಸಲದಲ್ಲಿ ಸಿಕ್ಕಿಬೀಳಬೇಕು.

ಏಳು ಸಲವೂ ಆಯಿತು. ಕೊನೆಗೆ ಎಂಬತ್ತನಾಲ್ಕನ್ನೂ ತೆಗೆದ. ಏನೂ ಬದಲಾಗಲಿಲ್ಲ. ಅಂದರೆ ರೋಗ ಇರುವುದು ಆ ಮನೆಯ ಕಡತದಲ್ಲೇ.

"ಅಕ್ಕಾ, ಹೊಸದಾಗಿ ಇನ್ನೊಂದು ಮನೆ ಕಟ್ಟಿಕೊಡ್ಲಾ? ಇದನ್ನ ಅಳಿಸಿಬಿಡೋಣ. ಇನ್ನೂ ಒಂದೆರಡು ಸಲ ತೆರೆದ್ರೆ ಇದು ಪೂರ್ತಿ ಕೆಟ್ಟುಹೋಗುತ್ತೆ."

"ಬೇಡ" ಅಂದರು ಅಕ್ಕ. "ಫೋಟೋದಲ್ಲಿ ಅವಳು ನಡೆಯಲ್ಲ ಕಣೋ. ಇದರಲ್ಲಿ ನಡೀತಾಳೆ."

ಭಾವ ಮತ್ತೆ ಕುರ್ಚಿ ಎಳೆದುಕೊಂಡ. ಈ ಸಲ ಏನನ್ನೂ ಮುಟ್ಟದೆ ಸುಮ್ಮನೆ ನೋಡುತ್ತ ಕೂತ.

ಆಟದ ಗಡಿಯಾರದಲ್ಲಿ ಸಂಜೆ. ಇಬ್ಬರೂ ಊಟ ಮಾಡಿದರು. ಗುಬ್ಬಿ ಹೋಗಿ ಮಲಗಿದಳು. ಅಮ್ಮನೂ ಮಲಗಿದಳು. ಅಲ್ಲಿಯವರೆಗೆ ತಡೆಯೇ ಇಲ್ಲ. ಎರಡು ಗಂಟೆಗೆ ಅಮ್ಮ ಎದ್ದಳು. ನೆಟ್ಟಗೆ ಹಿಂದಿನ ಕೋಣೆಗೆ ಬಂದಳು. ಗೋಡೆಗೆ ಮುಖ ಮಾಡಿ ನಿಂತಳು.

ಆಟ ಅಲ್ಲೇ ಸಿಕ್ಕಿಕೊಂಡಿತು.

ಅವಳು ಮುಂದೆ ಏನು ಮಾಡಬೇಕೆಂದಿದ್ದಾಳೆ ಅನ್ನುವುದು ಪರದೆಯ ಮೂಲೆಯಲ್ಲಿ ಚಿಕ್ಕ ಚಿತ್ರವಾಗಿ ಕಾಣುತ್ತದೆ. ಅಲ್ಲಿ ಒಂದು ಬಾಗಿಲಿನ ಚಿತ್ರವಿತ್ತು. 'ಬಾಗಿಲು ತೆಗೆ.' ಭಾವ ಅದನ್ನು ರದ್ದು ಮಾಡಿದ. ಮತ್ತೆ ಬಂತು. ಅಮ್ಮನನ್ನು ಮುಂಬಾಗಿಲಿಗೆ ಕಳಿಸಿದ. ತಿರುಗಿ ಬಂದು ಅಲ್ಲೇ ನಿಂತಳು. ರೋಗ ಗೊತ್ತಾಯಿತು. ಇಲ್ಲದ ಬಾಗಿಲಿಗೆ ಕಂಪ್ಯೂಟರ್ ದಾರಿ ಹುಡುಕುತ್ತಿದೆ. ಸಿಗುವುದಿಲ್ಲ. ಮತ್ತೆ ಹುಡುಕುತ್ತದೆ. ಉಳಿದದ್ದೆಲ್ಲ ಅದಕ್ಕಾಗಿ ಕಾಯುತ್ತ ನಿಂತಿದೆ.

ಆಗ ಸದ್ದು ಕೇಳಿಸಿತು.

ಟಕ್... ಟಕ್... ಟಕ್.

ಬೆರಳ ಗೆಣ್ಣಿನಿಂದ ಮರ ತಟ್ಟಿದ ಹಾಗೆ. ಆಟದ ಸದ್ದು ಅಂದುಕೊಂಡು ಭಾವ ಸ್ಪೀಕರಿನ ವೈರು ಕಿತ್ತ.

ಟಕ್... ಟಕ್... ಟಕ್.

ಸದ್ದು ಬೆನ್ನ ಹಿಂದಿನಿಂದ ಬರುತ್ತಿತ್ತು. ಕೋಣೆಯ ಗೋಡೆಯಿಂದ. ಭಾವ ತಿರುಗಿ ನೋಡಿದ. ಗೋಡೆಯಲ್ಲಿ ಬಾಗಿಲಗಲದಷ್ಟು ಜಾಗದ ಗಾರೆ ಮಾತ್ರ ಹೊಸದಾಗಿತ್ತು.

"ಅಕ್ಕಾ..." ಭಾವ ಆ ಗಾರೆಯತ್ತ ಬೆರಳು ಮಾಡಿದ. "ಇಲ್ಲಿ ಬಾಗಿಲಿತ್ತಾ?"

ಅಕ್ಕ ತಲೆಯೆತ್ತಲಿಲ್ಲ.

"ಅವತ್ತು ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಬಂದೆ. ಹಿಂಬಾಗಿಲು ತೆರೆದಿತ್ತು. ಮರೆತಿದ್ದಾಳೆ ಅಂದ್ಕೊಂಡು ಚಿಲಕ ಹಾಕಿದೆ. ಅವಳು ಮೋಟಾರ್ ಹತ್ರ ಇದ್ದಾಳೆ ಅಂತ ನಂಗೇನು ಗೊತ್ತು... ಆಮೇಲೆ ತಟ್ಟಿದ್ದು ಕೇಳಿಸ್ತು. ಮೂರು ಸಲ. ಕನಸು ಅಂದ್ಕೊಂಡು ಮಗ್ಗುಲಾದೆ."

ಟಕ್... ಟಕ್... ಟಕ್.

"ಕೂಗಿ ನನ್ನ ಎಬ್ಬಿಸೋದು ಬೇಡ ಅಂತ ಮುಂಬಾಗಿಲಿಗೆ ಸುತ್ತಿ ಬರೋಕೆ ಹೊರಟಿದ್ದಾಳೆ. ಬಾವಿ ಪಕ್ಕದಿಂದ... ಯಾರಿಗೂ ಹೇಳಿಲ್ಲ ಕಣೋ ಇದನ್ನ. ಬಾಗಿಲು ಕಿತ್ತು ಗೋಡೆ ಕಟ್ಟಿಸಿದೆ. ಆಟದಲ್ಲೂ ಅದನ್ನ ಅಳಿಸಿದೆ. ಅಲ್ಲಾದ್ರೂ ಅವಳು ಹೊರಗೆ ಹೋಗಬಾರದು ಅಂತ."

ಭಾವನಿಗೆ ಎದ್ದು ಓಡಬೇಕೆನ್ನಿಸಿತಂತೆ. ಓಡಲಿಲ್ಲ. ಯಾಕೆ ಅಂತ ಕೇಳಿದರೆ, ಕೆಲಸ ಅರ್ಧಕ್ಕೆ ನಿಂತಿತ್ತಲ್ಲ ಅನ್ನುತ್ತಾನೆ.

"ಅಕ್ಕಾ, ಆ ಬಾಗಿಲು ವಾಪಸ್ ಇಡಬೇಕು. ಬೇರೆ ದಾರಿ ಇಲ್ಲ."

"ಇಟ್ರೆ ಅವಳು ಹೊರಟುಹೋದ್ರೆ?"

"ಇಡದಿದ್ರೆ ಹೇಗೂ ಹೋಗ್ತಾಳೆ. ಕಡತ ಉಳಿಯಲ್ಲ."

ಪರದೆಯ ಮೇಲೆ ಆ ಇನ್ನೊಬ್ಬ ಅಮ್ಮ ಗೋಡೆ ನೋಡುತ್ತ ನಿಂತೇ ಇದ್ದಳು. ಅಕ್ಕ ಅವಳನ್ನೇ ದಿಟ್ಟಿಸಿದರು. ಆಮೇಲೆ ಮೌಸನ್ನು ತಾವೇ ತೆಗೆದುಕೊಂಡರು. ಬಾಗಿಲುಗಳ ಪಟ್ಟಿ ತೆರೆದರು. ನೀಲಿ ಬಣ್ಣದ್ದೊಂದು ಆರಿಸಿದರು. ಎರಡು ಸಲ ತಪ್ಪಿತು. ಮೂರನೇ ಸಲ ಗೋಡೆಯಲ್ಲಿ ಕೂತಿತು.

ತಟ್ಟನೆ ಆಟ ಹಗುರಾಯಿತು. ಅಮ್ಮ ಕೈ ಚಾಚಿ ಬಾಗಿಲು ತೆಗೆದಳು. ಹೊರಗೆ ಕತ್ತಲು. ಕತ್ತಲಿನಿಂದ ಗುಬ್ಬಿ ಒಳಗೆ ಬಂದಳು.

ಭಾವ ಪಕ್ಕದ ಕೋಣೆ ನೋಡಿದ. ಅವಳು ಮಲಗಿದ್ದ ಹಾಸಿಗೆ ಖಾಲಿ. ಅವಳು ಎದ್ದದ್ದನ್ನು ಅವನು ಕಂಡಿರಲಿಲ್ಲ. ಆ ಮನೆಗೆ ಆಗ ಉಳಿದಿದ್ದ ದಾರಿ ಮುಂಬಾಗಿಲು ಒಂದೇ. ಅದು ಇಡೀ ಹೊತ್ತು ಪರದೆಯ ಮೇಲೇ ಇತ್ತು, ಒಮ್ಮೆಯೂ ತೆರೆದಿರಲಿಲ್ಲ.

ಅಮ್ಮ ಮಗಳನ್ನು ತಬ್ಬಿಕೊಂಡಳು. ಅಷ್ಟು ಹೊತ್ತಿನ ತಬ್ಬುಗೆ ಆ ಆಟದಲ್ಲಿಲ್ಲ ಅನ್ನುತ್ತಾನೆ ಭಾವ. ಆಮೇಲೆ ಗುಬ್ಬಿ ಹೋಗಿ ಮಲಗಿದಳು.

ಗೋಡೆಯ ಸದ್ದು ನಿಂತಿತ್ತು. ಅಕ್ಕ ಸೇವ್ ಒತ್ತಿದರು. ನಾಲ್ಕು ಸೆಕೆಂಡಿನಲ್ಲಿ ಆಯಿತು. ಕೆಂಪಕ್ಷರ ಬರಲಿಲ್ಲ. ಅವರು ಎದ್ದು ಹೋಗಿ ಹೊಸ ಗಾರೆಯ ಮೇಲೆ ಅಂಗೈ ಇಟ್ಟರು.

"ಬೆಳಿಗ್ಗೆ ಮೇಸ್ತ್ರಿನ ಕರ್ಕೊಂಡ್ಬಾ" ಅಂದರು. "ಇದನ್ನೂ ತೆಗೀಬೇಕು."

ಬೆಳಿಗ್ಗೆ ಮೇಸ್ತ್ರಿಯ ಜೊತೆ ನಾನೂ ಹೋಗಿದ್ದೆ, ಆದ್ದರಿಂದ ಇನ್ನು ಮುಂದಿನದು ಕೇಳಿದ ಮಾತಲ್ಲ. ಮೇಸ್ತ್ರಿ ಮೇಲಿನಿಂದ ಶುರು ಮಾಡಿದ. ಗಾರೆ ಒಣಗಿ ಪುಡಿಪುಡಿಯಾಗಿ ಉದುರುತ್ತಿತ್ತು. ನನ್ನ ಎದೆಯೆತ್ತರಕ್ಕೆ, ಬಾಗಿಲು ತಟ್ಟುವ ಮಟ್ಟಕ್ಕೆ ಬಂದಾಗ ಕೈ ನಿಲ್ಲಿಸಿದ.

"ಇಲ್ಲಿ ಪೈಪ್ ಏನಾದ್ರೂ ಹೋಗಿದೆಯೇನಮ್ಮಾ?"

ಇರಲಿಲ್ಲ. ಅಲ್ಲಿ ಮೂರು ಇಟ್ಟಿಗೆ ನೆನೆದಿದ್ದವು. ಮೂರೇ. ಮೇಲೂ ಕೆಳಗೂ ಅಕ್ಕಪಕ್ಕದಲ್ಲೂ ಎಲ್ಲ ಒಣ.

ಅದರಲ್ಲೊಂದನ್ನು ಮನೆಗೆ ತಂದೆ. ತೂಗಿದೆ. ಮೂರು ಕಿಲೋ ನಾನೂರ ಹತ್ತು ಗ್ರಾಂ. ಮಹಡಿಯ ಮೇಲೆ ಸುಡುಬಿಸಿಲಿನಲ್ಲಿ ಇಪ್ಪತ್ತೊಂದು ದಿನ ಇಟ್ಟೆ. ದಿನವೂ ತೂಗಿದೆ. ತಕ್ಕಡಿ ಕೆಟ್ಟಿರಬಹುದೆಂದು ಇನ್ನೊಂದು ತಂದು ಅದರಲ್ಲೂ ನೋಡಿದೆ.

ಮೂರು ಕಿಲೋ ನಾನೂರ ಹತ್ತು ಗ್ರಾಂ.

ನಡೆದದ್ದು ಇಷ್ಟು, ನಾನು ಒಂದಕ್ಷರ ಸೇರಿಸಿಲ್ಲ. ಇಟ್ಟಿಗೆ ಇನ್ನೂ ಮಹಡಿಯ ಮೇಲಿದೆ... ಬೇಕಾದರೆ ಬಂದು ಮುಟ್ಟಿ ನೋಡಿ. ಬೆರಳಿಗೆ ನೀರು ಹತ್ತುತ್ತದೆ.